ಸಾಬರಮತಿ ದಂಡೆಯ ಊರಿನ ಹುಟ್ಟುಹಬ್ಬ ಯಾರದ್ದು?

ಫೆಬ್ರವರಿ 26 ಅಹಮದಾಬಾದಿನ ಹುಟ್ಟುಹಬ್ಬ. 1411ರಲ್ಲಿ ಆ ದಿನ ಸುಲ್ತಾನ್ ಅಹ್ಮದ್ ಶಾ ಸಾಬರಮತಿಯ ಪೂರ್ವ ದಂಡೆಯಲ್ಲಿ ಹೊಸ ರಾಜಧಾನಿಗೆ ಅಡಿಗಲ್ಲು ಹಾಕಿದ ಅಂತ ಲೆಕ್ಕ. ಮಾರ್ಚ್ 4 ಅನ್ನುವವರೂ ಇದ್ದಾರೆ, ಆದರೆ ಊರು ಒಪ್ಪಿಕೊಂಡಿರುವುದು ಫೆಬ್ರವರಿಯ ದಿನವನ್ನೇ. ಅಡಿಗಲ್ಲು ಬಿದ್ದ ಜಾಗ ಅಂತ ಜನ ತೋರಿಸುವುದು ಎಲ್ಲಿಸ್ ಬ್ರಿಡ್ಜಿನ ಪೂರ್ವ ತುದಿಯಲ್ಲಿರುವ ಒಂದು ಹಳೆ ಕೊತ್ತಲವನ್ನು. ಹೆಸರು ಮಾಣೆಕ್ ಬುರ್ಜ್. ಸುತ್ತ ಆಟೋ, ಬೈಕು, ಸಿಟಿ ಬಸ್ಸುಗಳ ಗದ್ದಲ. ಪ್ರತಿ ವರ್ಷ ಆ ದಿನ ಸಂತ ಮಾಣೆಕ್‌ನಾಥರ ವಂಶದವರು ಅಲ್ಲಿ ಪೂಜೆ ಮಾಡಿ ಧ್ವಜ ಏರಿಸುತ್ತಾರೆ. ಊರಿನ ದೊಡ್ಡವರು ಬರುತ್ತಾರೆ, ಹಾರ ಹಾಕುತ್ತಾರೆ, ಮರುದಿನ ಪೇಪರಿನಲ್ಲಿ ಫೋಟೊ ಬರುತ್ತದೆ. ಎಲ್ಲರ ಫೋನಿನಲ್ಲೂ 'ಹ್ಯಾಪಿ ಬರ್ತ್‌ಡೇ ಅಮ್ದಾವಾದ್' ಮೆಸೇಜುಗಳು ಓಡಾಡುತ್ತವೆ.

ನನಗೆ ಈ ದಿನ ಇಷ್ಟ. ಕೆಲಸಕ್ಕೆ ಅಂತ ಬಂದು ಇಲ್ಲೇ ಉಳಿದವರಿಗೆ ಊರಿನ ಮೇಲೆ ಒಂಥರಾ ಹಕ್ಕು ಬಂದುಬಿಡುತ್ತದೆ, ಅಲ್ವಾ? ಆದರೆ ಪ್ರತಿ ಸಲ ಹಾರ, ಭಾಷಣ ನೋಡುವಾಗ ಒಂದು ಮಾತು ಹೇಳಬೇಕು ಅನ್ನಿಸುತ್ತದೆ. ಸುಲ್ತಾನ ಕಲ್ಲು ಹಾಕಿ ಹೋದ. ಆಮೇಲಿನ ಆರು ನೂರು ವರ್ಷ ಈ ಊರನ್ನು ಕಾಪಾಡಿದ್ದು ಒಳಗಿನ ಓಣಿಗಳ ಜನ. ದಿನಾ ಜಗಲಿ ಗುಡಿಸಿ, ಹಕ್ಕಿಗೆ ಕಾಳು ಹಾಕಿ, ಮಳೆ ನೀರು ಹಿಡಿದಿಟ್ಟುಕೊಂಡು ಬಾಳಿದವರು. ಹುಟ್ಟುಹಬ್ಬ ಅವರದ್ದೂ ಹೌದು. ಅವರೇ ಇಲ್ಲದ ಊರಿಗೆ ಎಷ್ಟು ದೊಡ್ಡ ಪರಂಪರೆಯ ಪಟ್ಟ ಸಿಕ್ಕರೂ ಏನು ಬಂತು?

ಊರು ಹುಟ್ಟಿದ ಕಥೆ ಕೇಳಿದರೆ ಕನ್ನಡದವರಿಗೆ ತಕ್ಷಣ ಹಂಪಿ ನೆನಪಾಗುತ್ತದೆ. ಸುಲ್ತಾನ ನದಿ ದಂಡೆಯಲ್ಲಿ ಬೀಡುಬಿಟ್ಟಿದ್ದಾಗ ಒಂದು ಮೊಲ ಬೇಟೆ ನಾಯಿಯ ಮೇಲೇ ತಿರುಗಿಬಿತ್ತಂತೆ. ಗಂಡು ಮೆಟ್ಟಿನ ನೆಲ ಅಂತ ಅಲ್ಲೇ ಊರು ಕಟ್ಟಿದನಂತೆ. 'ಜಬ್ ಕುತ್ತೇ ಪರ್ ಸಸ್ಸಾ ಆಯಾ, ತಬ್ ಬಾದಶಾಹ್ ನೇ ಶಹರ್ ಬಸಾಯಾ' ಅಂತ ಇಲ್ಲಿ ಮಕ್ಕಳೂ ಹೇಳುತ್ತಾರೆ. ಹಕ್ಕ ಬುಕ್ಕರ ಮೊಲಕ್ಕೂ ಈ ಮೊಲಕ್ಕೂ ಏನೂ ವ್ಯತ್ಯಾಸವಿಲ್ಲ. ತುಂಗಭದ್ರೆಯಿಂದ ಸಾಬರಮತಿವರೆಗೆ ಒಂದೇ ಕಥೆ ಓಡಿ ಬಂದಿದೆ.

ಇನ್ನೊಂದು ನಂಟು ಇದೆ, ಅದು ನನಗೆ ಇನ್ನೂ ಜಾಸ್ತಿ ಇಷ್ಟ. ಅಹ್ಮದ್ ಶಾ ಬರುವ ಮುಂಚೆ ಇಲ್ಲಿ ಬಯಲೇನೂ ಇರಲಿಲ್ಲ. ಆಶಾವಲ್ ಅನ್ನುವ ಊರು ಇತ್ತು. ಆಶಾ ಅನ್ನುವ ಭಿಲ್ಲರ ನಾಯಕನದ್ದು ಅಂತ ಹೇಳುತ್ತಾರೆ. 11ನೇ ಶತಮಾನದಲ್ಲಿ ಪಾಟಣದ ಸೋಲಂಕಿ ರಾಜ ಕರ್ಣ ಆ ನಾಯಕನನ್ನು ಗೆದ್ದು ಕರ್ಣಾವತಿ ಕಟ್ಟಿಸಿದ. ಆ ಕರ್ಣನ ರಾಣಿ ಮಯಣಲ್ಲಾದೇವಿ ನಮ್ಮ ಕಡೆಯವಳು. ಗೋವೆಯ ಕದಂಬ ದೊರೆ ಜಯಕೇಶಿಯ ಮಗಳು. ಕನ್ನಡದಲ್ಲಿ ಶಾಸನ ಹಾಕಿಸಿದ ಮನೆತನ ಅದು. ಬೆಳಗಾವಿ ಕಡೆಯ ಹಲಸಿಯೂ ಅವರ ಆಳ್ವಿಕೆಯಲ್ಲಿತ್ತು. ಗುಜರಾತಿನವರು ಅವಳನ್ನು ಮೀನಳದೇವಿ ಅಂತಾರೆ. ಗುಜರಾತಿನ ಅತಿ ದೊಡ್ಡ ರಾಜ ಅಂತ ಎಲ್ಲರೂ ಹೊಗಳುವ ಸಿದ್ಧರಾಜ ಜಯಸಿಂಹನ ತಾಯಿ ಅವಳು. ಸೋಮನಾಥಕ್ಕೆ ಹೋಗುವ ಯಾತ್ರಿಕರ ಮೇಲೆ ಹೇರಿದ್ದ ಸುಂಕವನ್ನು ಮಗನಿಗೆ ಹೇಳಿ ತೆಗೆಸಿದಳು ಅಂತ ಇಲ್ಲಿಯ ಹಳೆ ಬರಹಗಳು ಹೇಳುತ್ತವೆ. ಇವಳ ಒಂದು ಕೆರೆಯ ವಿಚಾರ ಆಮೇಲೆ ಹೇಳುತ್ತೇನೆ.

ಮೊದಲು ಮಾಣೆಕ್‌ನಾಥ. ಸುಲ್ತಾನನ ಆಳುಗಳು ಹಗಲೆಲ್ಲ ಗೋಡೆ ಕಟ್ಟುತ್ತಿದ್ದರಂತೆ. ಆ ಹೊತ್ತಿಗೆ ಈ ಬಾಬಾ ನದಿ ದಂಡೆಯಲ್ಲಿ ಕೂತು ಚಾಪೆ ನೇಯುತ್ತಿದ್ದನಂತೆ. ಸಂಜೆ ಅವನು ಎಳೆ ಬಿಚ್ಚಿದರೆ ಅತ್ತ ಗೋಡೆ ಕುಸಿಯುತ್ತಿತ್ತು. ವಿಷಯ ಗೊತ್ತಾದ ಸುಲ್ತಾನ ಅವನನ್ನು ಕರೆಸಿದ. ನಿನಗೆ ಅಷ್ಟು ಶಕ್ತಿ ಇದ್ದರೆ ಈ ಚೊಂಬಿನೊಳಗೆ ಹೋಗು ನೋಡೋಣ ಅಂದ. ಬಾಬಾ ಒಳಗೆ ಹೋದ, ಸುಲ್ತಾನ ಬಾಯಿ ಮುಚ್ಚಿಸಿದ. ಕಥೆ ಇಷ್ಟೇ. ಆದರೆ ಊರಿನ ಮೊದಲ ಕೊತ್ತಲಕ್ಕೂ ಊರ ನಡುವಿನ ಚೌಕಕ್ಕೂ ಇದೇ ಬಾಬಾನ ಹೆಸರು. ಕಟ್ಟಿದವನು ಸುಲ್ತಾನ, ಹೆಸರು ಬಿಚ್ಚಿದವನದ್ದು. ಆ ಚೌಕದಲ್ಲೇ ಮಾಣೆಕ್‌ನಾಥನ ಸಮಾಧಿ ಇದೆ. ಒಂದೆರಡು ನಿಮಿಷ ನಡೆದರೆ ಅಹ್ಮದ್ ಶಾನ ಗೋರಿ. ಅದನ್ನು ದಾಟಿದರೆ ರಾಣಿಯರ ಗೋರಿಗಳು, ಅವುಗಳ ಸುತ್ತ ಬಟ್ಟೆ, ಬಳೆ, ಮುಖ್ವಾಸ್ ಅಂಗಡಿಗಳು. ಬದುಕಿರುವವರೂ ತೀರಿಕೊಂಡವರೂ ಒಂದೇ ಸಂತೆಯಲ್ಲಿ ಇರುವ ಊರು ಇದು.

ಮಾಣೆಕ್ ಚೌಕಕ್ಕೆ ದಿನದಲ್ಲಿ ಮೂರು ವೇಷ. ಬೆಳಿಗ್ಗೆ ಹಸುಗಳಿಗೆ ಹುಲ್ಲು ಹಾಕುವ ಜಾಗ. ಮಧ್ಯಾಹ್ನ ಚಿನ್ನ ಬೆಳ್ಳಿ ವ್ಯಾಪಾರ. ರಾತ್ರಿ ಚಿನಿವಾರರು ಬಾಗಿಲು ಹಾಕಿದ ಮೇಲೆ ಅದೇ ಅಂಗಡಿಗಳ ಮುಂದೆ ಒಲೆ ಹಚ್ಚುತ್ತಾರೆ. ಪಾವ್ ಭಾಜಿ, ದೋಸೆ, ಕುಲ್ಫಿ, ಬ್ರೆಡ್ಡಿನ ಮೇಲೆ ಚೀಸು, ಪೈನಾಪಲ್ ತುರಿದು ಕೊಡುವ ಒಂದು ಸ್ಯಾಂಡ್‌ವಿಚ್ಚು. ದೋಸೆ ಮಾತ್ರ ನಮ್ಮ ದೋಸೆಯಲ್ಲ, ಬೆಣ್ಣೆ ಪಲ್ಯ ಸೇರಿ ಬೇರೆಯೇ ತಿಂಡಿ.

ಈ ಊರಿನ ಸಿರಿ ಮೂರು ಎಳೆಯಲ್ಲಿ ನೇತಾಡುತ್ತದೆ ಅಂತ ಹಳೆ ಮಾತಿದೆ. ಚಿನ್ನ, ರೇಷ್ಮೆ, ಹತ್ತಿ. ವ್ಯಾಪಾರಿಗಳ ಊರು. ವ್ಯಾಪಾರಿಗಳೇ ಒಂದು ಸಲ ಇದನ್ನು ಉಳಿಸಿದರು ಕೂಡ. 1725ರಲ್ಲಿ ಮರಾಠರ ದಂಡು ಊರ ಬಾಗಿಲಿಗೆ ಬಂದಿತ್ತು. ಇನ್ನೇನು ಲೂಟಿ ಆಗಬೇಕು ಅನ್ನುವಾಗ ನಗರಶೇಠ್, ಅಂದರೆ ಊರ ವರ್ತಕರ ಮುಖಂಡ, ಖುಶಾಲ್‌ಚಂದ್ ತನ್ನ ಕೈಯಿಂದ ದುಡ್ಡು ಸುರಿದು ದಂಡನ್ನು ಹಿಂದೆ ಕಳಿಸಿದ. ಊರಿನ ವರ್ತಕರು, ಹಿಂದೂ ಮುಸ್ಲಿಂ ಎಲ್ಲ ಸೇರಿ, ಅವನ ಋಣ ತೀರಿಸಲು ಪೇಟೆಗೆ ಬರುವ ಸರಕಿನ ಮೇಲೆ 100 ರೂಪಾಯಿಗೆ 4 ಆಣೆ ಅವನ ಮನೆತನಕ್ಕೆ ಬರೆದುಕೊಟ್ಟರು. ಅಡಿಗಲ್ಲಿಗೆ ಹಾರ ಹಾಕುವ ದಿನ ಆ ನಾಲ್ಕಾಣೆಯನ್ನೂ ನೆನೆಯಬಹುದು.

ಮಾಣೆಕ್ ಬುರ್ಜಿನ ಪಕ್ಕದ ಸೇತುವೆಯ ಕಥೆಯೂ ಅಂಥದ್ದೇ. ಬ್ರಿಟಿಷರು 1870ರ ಸುಮಾರಿಗೆ ಮರದ ಸೇತುವೆ ಕಟ್ಟಿದ್ದರು. 1875ರ ನೆರೆಯಲ್ಲಿ ಕೊಚ್ಚಿಹೋಯಿತು. ಆಮೇಲೆ 1892ರಲ್ಲಿ ಉಕ್ಕಿನ ಸೇತುವೆ ಎದ್ದು ನಿಂತಿತು, ಎಂಜಿನಿಯರ್ ಹಿಮ್ಮತ್‌ಲಾಲ್ ಧೀರಜ್‌ರಾಮ್ ಭಚೇಚ್. ಅಂದಾಜಿಗಿಂತ ಕಡಿಮೆ ಖರ್ಚಿನಲ್ಲಿ ಮುಗಿಸಿದ ಅಂತ ಸರ್ಕಾರಕ್ಕೆ ಅನುಮಾನ ಬಂತು. ಕಳಪೆ ಸಾಮಾನು ಹಾಕಿರಬೇಕು ಅಂತ ವಿಚಾರಣೆ ನಡೆಸಿದರು. ಕೆಲಸ ಗಟ್ಟಿ ಅಂತ ಗೊತ್ತಾಗಿ ಕೊನೆಗೆ ರಾವ್ ಸಾಹೇಬ್ ಬಿರುದು ಕೊಟ್ಟರು. ಈಗ ಎರಡೂ ಬದಿಗೆ ಕಾಂಕ್ರೀಟ್ ಸೇತುವೆ ಬಂದಿದೆ, ನಡುವೆ ಹಿಮ್ಮತ್‌ಲಾಲ್ ಕಟ್ಟಿಸಿದ ಕಮಾನುಗಳು ಹಾಗೇ ನಿಂತಿವೆ.

ಇನ್ನು ತೀನ್ ದರ್ವಾಜಾ. ಮೂರು ಕಮಾನಿನ ಹೆಬ್ಬಾಗಿಲು, ಊರಿನಷ್ಟೇ ವಯಸ್ಸು. ಒಂದು ರಾತ್ರಿ ಲಕ್ಷ್ಮಿ ಊರು ಬಿಟ್ಟು ಹೊರಟಳಂತೆ. ಕೋಟೆ ಬಾಗಿಲ ಕೊತ್ವಾಲ ಖ್ವಾಜಾ ಸಿದ್ದೀಕ್ ತಡೆದ. ರಾಜನ ಅಪ್ಪಣೆ ತರುತ್ತೇನೆ, ನಾನು ಬರುವವರೆಗೆ ಇಲ್ಲೇ ಇರಬೇಕು ಅಂತ ಮಾತು ತೆಗೆದುಕೊಂಡ. ತಾನು ಮರಳಿದರೆ ಅವಳು ಹೋಗಿಬಿಡುತ್ತಾಳೆ ಅಂತ ಹೋದವನು ತಲೆ ಕೊಟ್ಟ, ವಾಪಸ್ ಬರಲೇ ಇಲ್ಲ. ಮಾತಿಗೆ ಕಟ್ಟುಬಿದ್ದು ಲಕ್ಷ್ಮಿ ಇಲ್ಲೇ ಉಳಿದಳು. ನಮ್ಮ ಪುಣ್ಯಕೋಟಿಯನ್ನು ಕೇಳಿ ಬೆಳೆದವರಿಗೆ ಈ ಮಾತಿನ ಕಟ್ಟು ಚೆನ್ನಾಗಿ ಗೊತ್ತು. ಆ ಬಾಗಿಲಿನ ಗೂಡಿನಲ್ಲಿ ಲಕ್ಷ್ಮಿಗೆ ಅಂತ ದೀಪ ಉರಿಯುತ್ತದೆ. ಹಚ್ಚುವುದು ಒಂದು ಮುಸ್ಲಿಂ ಮನೆತನ, ತಲೆಮಾರುಗಳಿಂದ. ಕೆಳಗೆ ಚಪ್ಪಲಿ, ಬನಿಯನ್, ಪ್ಲಾಸ್ಟಿಕ್ ಸಾಮಾನು ಮಾರುವವರ ಕೂಗು. ದೀಪದ ಕಡೆ ಕತ್ತೆತ್ತಿ ನೋಡುವವರು ಕಡಿಮೆ. 2002ರ ಕೋಮು ಗಲಭೆಯಂಥ ಗಾಯ ಕಂಡ ಊರು ಇದು, ಅದನ್ನು ಮರೆತು ಹಬ್ಬ ಮಾಡಲು ಬರುವುದಿಲ್ಲ. ಹಾಗಾಗಿ ಈ ಗೂಡಿನ ದೀಪ ನನಗೆ ದೊಡ್ಡ ವಿಷಯ.

2017ರ ಜುಲೈನಲ್ಲಿ ಯುನೆಸ್ಕೊ ಈ ಕೋಟೆ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾರತದ ಒಂದು ಊರಿಗೆ ಊರಾಗಿ ಈ ಪಟ್ಟ ಸಿಕ್ಕಿದ್ದು ಅದೇ ಮೊದಲು. ಜಾಮಾ ಮಸೀದಿ, ಸಿದಿ ಸೈಯದ್ ಮಸೀದಿಯ ಕಲ್ಲಿನ ಜಾಲಿ, ಇವೆಲ್ಲ ಜಗತ್ತಿಗೇ ಗೊತ್ತು. ಮರ ಬಳ್ಳಿಗಳನ್ನು ಕಲ್ಲಿನಲ್ಲಿ ನೇಯ್ದಂತಿರುವ ಆ ಜಾಲಿಯ ಮುಂದೆ ನಿಂತರೆ ಬೇಲೂರಿನ ಶಿಲ್ಪಿಗಳಿಗೂ ಇವರಿಗೂ ಮಾತು ಕೂಡುತ್ತಿತ್ತು ಅನ್ನಿಸುತ್ತದೆ. ಆದರೆ ಪಟ್ಟ ಸಿಕ್ಕಿದ್ದು ಬರೀ ಮಸೀದಿ ಕೋಟೆಗಳಿಗಲ್ಲ. ಪೋಳ್‌ಗಳಿಗೂ ಹೌದು.

ಪೋಳ್ ಅಂದರೆ ಒಂದೇ ಬಾಗಿಲಿನ ಓಣಿ. ರಾತ್ರಿ ಆ ಬಾಗಿಲು ಹಾಕಿದರೆ ಒಳಗಿನವರೆಲ್ಲ ಒಂದು ಮನೆಯವರಂತೆ. ಇಂಥವು ನೂರಾರಿವೆ. ಒಳಗೆ ಗೋಡೆಗೆ ಗೋಡೆ ತಾಗಿದ ಮನೆಗಳು, ಒಂದು ಗುಡಿ, ಬಾವಿ, ಹಕ್ಕಿಗಳಿಗೆ ಕಾಳು ಹಾಕಲು ಕಂಬದ ಮೇಲೊಂದು ಪುಟ್ಟ ಮಂಟಪ. ಅದಕ್ಕೆ ಚಬೂತರೋ ಅಂತಾರೆ. ಮನೆಯ ಮುಂದೆ ಜಗಲಿ, ಒಳಗೆ ನಮ್ಮ ತೊಟ್ಟಿ ಮನೆಯ ಹಾಗೆ ಆಕಾಶ ಕಾಣುವ ಅಂಗಳ. ಕಂಬ, ತೊಲೆ, ಬೋದಿಗೆ ಎಲ್ಲ ಮರದ್ದು, ಕೆತ್ತನೆ ತುಂಬಿದ್ದು. 2001ರ ಜನವರಿ 26ರ ಭೂಕಂಪದಲ್ಲಿ ನದಿಯಾಚೆಯ ಹೊಸ ಫ್ಲಾಟುಗಳು ಕುಸಿದು ನೂರಾರು ಜನ ಸತ್ತರು. ಮರದ ಚೌಕಟ್ಟಿನ ಈ ಹಳೆ ಮನೆಗಳಲ್ಲಿ ಬಹಳಷ್ಟು ತಡೆದುಕೊಂಡವು.

ಒಂದು ಪೋಳ್‌ನಲ್ಲಿ ನನಗೆ ಪರಿಚಯದ ಒಬ್ಬರು ಬಾ ಇದ್ದಾರೆ. ಇಲ್ಲಿ ವಯಸ್ಸಾದ ಹೆಂಗಸರನ್ನು ಹಾಗೇ ಕರೆಯುವುದು. ಅವರ ಅಂಗಳದ ನೆಲದಲ್ಲಿ ಒಂದು ತಾಮ್ರದ ಮುಚ್ಚಳ ಇದೆ. ದಿನಾ ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ, ಫಳಫಳ ಹೊಳೆಯುತ್ತದೆ. ಅದರ ಕೆಳಗೆ ತಾಂಕಾ, ಅಂದರೆ ನೆಲದೊಳಗಿನ ಮಳೆನೀರಿನ ಕೋಣೆ. ಒಂದು ಮಧ್ಯಾಹ್ನ ಮುಚ್ಚಳ ತೆಗೆಸಿ ತೋರಿಸಿದರು. ಒಳಗೆ ಕತ್ತಲು, ಏನೂ ಕಾಣಲಿಲ್ಲ. ಬಾ ಒಳಗೆ ಹೋಗಿ ಮುಖ ನೋಡುವ ಕನ್ನಡಿ ತಂದರು. ಅಂಗಳಕ್ಕೆ ಬಿದ್ದ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಸೀದಾ ಕೆಳಗೆ ತಿರುಗಿಸಿದರು. ಸುಣ್ಣದ ಗಾರೆಯ ಬಿಳಿ ಗೋಡೆ ಕಂಡಿತು, ಅದರ ಕೆಳಗೆ ತಳದವರೆಗೂ ತಿಳಿಯಾದ ನೀರು. ಹೋದ ಮಳೆಗಾಲದ್ದು.

"ಕುಡಿ ಬೇಟಾ, ಬಿಸ್ಲೇರಿಗಿಂತ ಚೆನ್ನಾಗಿರತ್ತೆ," ಅಂದರು. ಕುಡಿದೆ. ತಣ್ಣಗೆ ಇತ್ತು, ನಿಂತ ನೀರಿನ ವಾಸನೆ ಒಂದು ಚೂರೂ ಇರಲಿಲ್ಲ.

ಇದರ ಹಿಂದಿನ ಕೆಲಸ ನೋಡಿ. ಮಳೆಗಾಲಕ್ಕೆ ಮುಂಚೆ ತಾರಸಿ ಗುಡಿಸಿ ತೊಳೆಯಬೇಕು. ಮೊದಲ ಮಳೆಗಳ ನೀರನ್ನು ಹೊರಗೆ ಬಿಡಬೇಕು. ಆಮೇಲೆ ಕೊಳವೆಯ ಬಾಯಿ ತಾಂಕಾ ಕಡೆ ತಿರುಗಿಸಬೇಕು. ನಮ್ಮ ರೈತರು ಕಾಯುವ ಮಘೆ ಮಳೆಯೇ ಇಲ್ಲಿಯ ಹೆಂಗಸರಿಗೂ ಶ್ರೇಷ್ಠ, ಆ ನೀರು ಕೆಡುವುದಿಲ್ಲ ಅಂತ ಬಾಟಲಿಯಲ್ಲಿ ತೆಗೆದಿಡುತ್ತಾರೆ. ಬೆಳಕು ಬೀಳದ್ದರಿಂದ ಪಾಚಿ ಕಟ್ಟುವುದಿಲ್ಲ, ಸುಣ್ಣ ನೀರನ್ನು ಶುದ್ಧವಾಗಿಡುತ್ತದೆ. ದೊಡ್ಡ ಮನೆಗಳ ತಾಂಕಾ 25 ಸಾವಿರ ಲೀಟರಿನಷ್ಟು ಹಿಡಿಯುತ್ತದೆ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ, ಅದೂ ಮೂರು ತಿಂಗಳಲ್ಲಿ. ಮೇ ತಿಂಗಳಲ್ಲಿ 44 ಡಿಗ್ರಿ ಬಿಸಿಲು. ಜಹಾಂಗೀರ್ ಬಾದಶಾ ಇಲ್ಲಿಗೆ ಬಂದು ಸಾಕಾಗಿ ಧೂಳಿನ ಊರು ಅಂತ ಬೈದಿದ್ದ. ಅಂಥ ಊರಿನಲ್ಲಿ ಜನ ತಮ್ಮ ನೀರನ್ನು ತಾವೇ ಮನೆಯೊಳಗೆ ಕೂಡಿಟ್ಟುಕೊಂಡು ಶತಮಾನಗಟ್ಟಲೆ ಬಾಳಿದರು. ಯಾರಿಗಾದರೂ ಅಹಮದಾಬಾದ್ ತೋರಿಸಬೇಕಾದರೆ ನಾನು ಜಾಲಿಗಿಂತ ಮುಂಚೆ ತಾಂಕಾ ತೋರಿಸುತ್ತೇನೆ.

ಈಗ ತಾಂಕಾಗಳಲ್ಲಿ ಬಹಳಷ್ಟು ಮುಚ್ಚಿಹೋಗಿವೆ. ನಲ್ಲಿ ಬಂತು, ಮರೆತರು. ಅದಕ್ಕಿಂತ ನೋವಿನ ವಿಷಯ, ಮನೆಗಳೇ ಖಾಲಿ ಆಗುತ್ತಿವೆ. ಮಕ್ಕಳು ನದಿಯಾಚೆ ಫ್ಲಾಟಿಗೆ ಹೋಗುತ್ತಾರೆ. ಕಾರು ನಿಲ್ಲಿಸಲು ಜಾಗವಿಲ್ಲ, ಮೆಟ್ಟಿಲು ಕಡಿದು, ಅವರನ್ನು ತಪ್ಪು ಅನ್ನಲು ನನಗೆ ಬಾಯಿಲ್ಲ. ಬೀಗ ಬಿದ್ದ ಮನೆಯನ್ನು ಬಟ್ಟೆ ವ್ಯಾಪಾರಿಗಳು ಗೋದಾಮು ಮಾಡಿಕೊಳ್ಳುತ್ತಾರೆ. ಇಲ್ಲವೇ ಕೆತ್ತನೆಯ ಕಂಬ ಬಾಗಿಲು ಬಿಚ್ಚಿ ಹಳೆ ಸಾಮಾನಿನವರಿಗೆ ಮಾರಿ ಅಲ್ಲೇ ಕಾಂಕ್ರೀಟ್ ಎಬ್ಬಿಸುತ್ತಾರೆ. ಪರಂಪರೆಯ ಮನೆಗಳನ್ನು ರಿಪೇರಿ ಮಾಡಿಸಲು ಒಂದು ದಾರಿ ಇದೆ. ಮಾಲೀಕರು ಅಲ್ಲಿ ಕಟ್ಟದೆ ಬಿಟ್ಟ ಮಹಡಿಗಳ ಹಕ್ಕನ್ನು ಬೇರೆ ಕಡೆ ಕಟ್ಟುವ ಬಿಲ್ಡರಿಗೆ ಮಾರಬಹುದು. ಒಳ್ಳೆ ಉಪಾಯ. ಆದರೆ ಒಂದು ಮನೆಗೆ ಅಣ್ಣತಮ್ಮಂದಿರು, ಅವರ ಮಕ್ಕಳು ಅಂತ ಹತ್ತಾರು ವಾರಸುದಾರರು. ಎಲ್ಲರ ಸಹಿ ಒಂದು ಕಾಗದದ ಮೇಲೆ ಬೀಳುವ ಹೊತ್ತಿಗೆ ತೊಲೆ ಬಿದ್ದಿರುತ್ತದೆ.

ಹುಟ್ಟುಹಬ್ಬದ ಪೋಸ್ಟರುಗಳಲ್ಲಿ ಈಗ ಜಾಸ್ತಿ ಕಾಣುವುದು ರಿವರ್‌ಫ್ರಂಟ್. ಸಾಬರಮತಿ ಅರಾವಳಿಯಲ್ಲಿ ಹುಟ್ಟಿ 371 ಕಿಲೋಮೀಟರ್ ಹರಿದು ಖಂಭಾತ್ ಕೊಲ್ಲಿ ಸೇರುವ ನದಿ. ಮಳೆಗಾಲ ಬಿಟ್ಟರೆ ಊರೊಳಗೆ ಅದು ಹೆಚ್ಚುಕಡಿಮೆ ಮರಳಿನ ಬಯಲಾಗಿತ್ತು. ಆ ಬಯಲಿನಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದರು. ಸರ್ಕಸ್ ಡೇರೆ ಬೀಳುತ್ತಿತ್ತು. ದೋಬಿಗಳು ಒಗೆಯುತ್ತಿದ್ದರು, ಬಣ್ಣ ಹಾಕಿದ ಸೀರೆಗಳನ್ನು ಉದ್ದಕ್ಕೆ ಹಾಸಿ ಒಣಗಿಸುತ್ತಿದ್ದರು. ಎಲ್ಲಿಸ್ ಬ್ರಿಡ್ಜಿನ ಕೆಳಗೆ ಭಾನುವಾರದ ಗುಜರಿ ಸಂತೆ, ಅದು ಅಹ್ಮದ್ ಶಾನ ಕಾಲದಿಂದ ನಡೆದುಬಂದದ್ದು ಅಂತ ಹೇಳಿಕೆ. ದಂಡೆಯಲ್ಲಿ ಗುಡಿಸಲುಗಳು. 2005ರಲ್ಲಿ ಕೆಲಸ ಶುರುವಾಗಿ, ಎರಡೂ ದಂಡೆಯಲ್ಲಿ 11 ಕಿಲೋಮೀಟರಿಗೂ ಉದ್ದಕ್ಕೆ ಕಾಂಕ್ರೀಟ್ ಗೋಡೆ, ನಡಿಗೆ ದಾರಿ, ತೋಟ ಬಂದವು. ಈಗ ವರ್ಷವಿಡೀ ನೀರು. ಸಂಜೆ ಮಕ್ಕಳ ಕೈ ಹಿಡಿದು ಓಡಾಡುವ ಸಾವಿರಾರು ಜನ. ನಾನೂ ಹೋಗುತ್ತೇನೆ, ಗಾಳಿ ಚೆನ್ನಾಗಿರುತ್ತದೆ.

ಆದರೆ ಆ ನೀರು ನರ್ಮದಾ ಕಾಲುವೆಯದ್ದು. ಊರ ದಕ್ಷಿಣಕ್ಕೆ ವಾಸಣಾ ಬ್ಯಾರೇಜಿನಲ್ಲಿ ತಡೆದು ನಿಲ್ಲಿಸಿದ್ದು. ಬ್ಯಾರೇಜ್ ದಾಟಿ ಕೆಳಗೆ ಹೋಗಿ ನೋಡಿದರೆ ಚರಂಡಿ ನೀರು, ಕಾರ್ಖಾನೆ ನೀರು. 2021ರಲ್ಲಿ ಗುಜರಾತ್ ಹೈಕೋರ್ಟ್ ಅದನ್ನು ತಾನಾಗಿಯೇ ಕೈಗೆತ್ತಿಕೊಳ್ಳಬೇಕಾಯಿತು. ದಂಡೆಯಿಂದ ಎದ್ದ ಕುಟುಂಬಗಳು ಸಾವಿರಾರು. ಬಹಳ ಜನಕ್ಕೆ ಊರಂಚಿನಲ್ಲಿ ಮನೆ ಸಿಕ್ಕಿತು, ಆದರೆ ಕೆಲಸ ಇದ್ದದ್ದು ಇಲ್ಲಿ. ಮನೆಗೆಲಸಕ್ಕೆ, ಗಾಡಿ ವ್ಯಾಪಾರಕ್ಕೆ ದಿನಾ ಎರಡು ಬಸ್ಸು ಹಿಡಿದು ಬರಬೇಕಾದರೆ ಉಳಿಯುವುದೇನು? ಗುಜರಿ ಸಂತೆಗೆ ಮಾತ್ರ ರಿವರ್‌ಫ್ರಂಟಿನಲ್ಲೇ ಕಟ್ಟೆಗಳ ಜಾಗ ಸಿಕ್ಕಿತು. ವ್ಯಾಪಾರಿಗಳು ಹೋರಾಡಿದ್ದರಿಂದ ಅಷ್ಟಾದರೂ ಆಯಿತು.

ಇಲ್ಲಿ ಮೀನಳದೇವಿಯ ಕೆರೆ ನೆನಪಾಗುತ್ತದೆ. ಅಹಮದಾಬಾದಿನಿಂದ ನೈಋತ್ಯಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಧೋಳ್ಕಾ. ಅಲ್ಲಿ ಅವಳು ಕಟ್ಟಿಸಿದ ಮಲಾವ್ ಕೆರೆ ಇದೆ. ಕೆರೆಗೆ ಗೆರೆ ಎಳೆದಾಗ ಒಬ್ಬ ಹೆಂಗಸಿನ ಗುಡಿಸಲು ಅಡ್ಡ ಬಂತಂತೆ. ಎಷ್ಟು ದುಡ್ಡು ಕೊಡುತ್ತೇವೆ ಅಂದರೂ ಅವಳು ಬಿಡಲಿಲ್ಲ. ರಾಣಿ ಕಿತ್ತುಕೊಳ್ಳಲಿಲ್ಲ. ಕೆರೆಯ ಅಂಚು ಸೊಟ್ಟ ಆದರೂ ಪರವಾಗಿಲ್ಲ, ಗುಡಿಸಲು ಇರಲಿ ಅಂದಳು. ನ್ಯಾಯ ನೋಡಬೇಕಾದರೆ ಮಲಾವ್ ಕೆರೆ ನೋಡು ಅಂತ ಗುಜರಾತಿಯಲ್ಲಿ ಗಾದೆಯೇ ಆಗಿದೆ. ಕರ್ಣಾವತಿ ಕಟ್ಟಿದ ರಾಜನ ಹೆಂಡತಿ, ಕದಂಬರ ಮನೆಮಗಳು, ಗೆರೆಯನ್ನು ಬಗ್ಗಿಸಿದಳು. ನಾವು ಒಂದು ನದಿಯನ್ನೇ ಸ್ಕೇಲ್ ಹಿಡಿದು ನೇರ ಮಾಡಿದೆವು. ಎರಡನ್ನೂ ನೋಡಿದವರಿಗೆ ಯಾವುದು ಪರಂಪರೆ ಅಂತ ಹೇಳಿಕೊಡಬೇಕಾಗಿಲ್ಲ.

ಹಾಗಂತ ಪೋಳ್‌ಗಳು ಪೂರ್ತಿ ಸೊರಗಿವೆ ಅನ್ನಲಾರೆ. ಜನವರಿ 14ರ ಉತ್ತರಾಯಣಕ್ಕೆ ಬಂದು ನೋಡಿ. ಫ್ಲಾಟಿಗೆ ಹೋದವರೆಲ್ಲ ಅವತ್ತು ಹಳೆ ಮನೆಗೇ ವಾಪಸ್. ತಾರಸಿಗೆ ತಾರಸಿ ತಾಗಿರುವ ಕಡೆ ಗಾಳಿಪಟ ಹಾರಿಸುವ ಮಜಾ ಬೇರೆ ಎಲ್ಲೂ ಸಿಗುವುದಿಲ್ಲ. ತಾರಸಿಗಳು ಒಳ್ಳೆ ಬಾಡಿಗೆಗೂ ಹೋಗುತ್ತವೆ. ಬೆಳಗಿನಿಂದ ಎದುರಿನವರ ಪಟ ಕತ್ತರಿಸಿದಾಗಲೆಲ್ಲ 'ಕಾಯ್ಪೋ ಛೆ' ಕೂಗು, ಊಂಧಿಯು ಅನ್ನುವ ತರಕಾರಿ ಪಲ್ಯ, ಜಿಲೇಬಿ, ಎಳ್ಳಿನ ಚಿಕ್ಕಿ. ನಾವು ಎಳ್ಳು ಬೆಲ್ಲ ಬೀರುವ ಹೊತ್ತಿಗೆ ಇಲ್ಲಿ ಆಕಾಶದಲ್ಲಿ ಜಾಗ ಇರುವುದಿಲ್ಲ. ಬಾ ಮನೆಯಲ್ಲಿ ಅವತ್ತು ಮೊಮ್ಮಕ್ಕಳು, ಅವರ ಗೆಳೆಯರು, ಮೆಟ್ಟಿಲ ಮೇಲೆಲ್ಲ ಚಪ್ಪಲಿ. ವರ್ಷದ ಖರ್ಚಿಗೆ ಒಂದಿಷ್ಟು ತಾರಸಿ ಬಾಡಿಗೆಯಿಂದಲೇ ಬರುತ್ತದೆ ಅಂತ ಅವರು ಖುಷಿಯಾಗಿ ಹೇಳುತ್ತಾರೆ.

ಈ ವರ್ಷದ ಆ ದುಡ್ಡಿನಲ್ಲಿ ತಾಂಕಾ ಒಳಗೆ ಹೊಸದಾಗಿ ಗಾರೆ ಬಳಿಸಬೇಕು ಅಂತ ಬಾ ತೀರ್ಮಾನ ಮಾಡಿದ್ದಾರೆ, ಮಗನೂ ಒಪ್ಪಿದ್ದಾನೆ. ಒಂದು ಮೂಲೆಯಲ್ಲಿ ಸುಣ್ಣ ಎದ್ದುಬಂದಿದೆ. ಸಿಮೆಂಟ್ ಹಾಕಿಬಿಡಿ ಅಂತ ಎಲ್ಲ ಮೇಸ್ತ್ರಿಗಳೂ ಹೇಳುತ್ತಾರೆ, ಬಾ ಕೇಳುವುದಿಲ್ಲ. ಹಳೆ ಪದ್ಧತಿಯಲ್ಲಿ ಸುಣ್ಣ ಅರಳಿಸಿ, ಅರೆದು ಗಾರೆ ಮಾಡುವ ಕೈ ಸಿಗುತ್ತಿಲ್ಲ. ಅಹಮದಾಬಾದಿನಲ್ಲೋ ವಡೋದರಾ ಕಡೆಯೋ ಇರುವ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ, ಅಂಥ ಮೇಸ್ತ್ರಿ ಗೊತ್ತಿದ್ದರೆ, ದಯವಿಟ್ಟು ತಿಳಿಸಿ. ಜೂನ್ ಮಳೆಗೆ ಮುಂಚೆ ಕೆಲಸ ಮುಗಿದು ಒಣಗಬೇಕು.